ಮ್ಯಾಗ್ನೆಟಾರ್ ಸಿಡಿತ, ಸುನಾಮಿ, ‘ಮೊಬೈಲ್ ಆಫ್ ಮಾಡಿ’: ಆಕಾಶದ ಎಕ್ಸ್-ರೇ ಉಳಿಬೆಳಕು ನಿಜಕ್ಕೂ ಏನು ಹೇಳುತ್ತದೆ?

‘ಇಂದು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಿ, ಮೈಯಿಂದ ದೂರ ಇಡಿ, ಅಪಾಯಕಾರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ, ಸಿಂಗಪುರದ ಟಿವಿಯಲ್ಲಿ ಹೇಳಿದ್ದಾರೆ.’ ಈ ಮೆಸೇಜು ನಿಮಗೂ ಬಂದಿರುತ್ತದೆ. ವರ್ಷಕ್ಕೊಮ್ಮೆಯಾದರೂ ಫ್ಯಾಮಿಲಿ ಗ್ರೂಪಿನಲ್ಲಿ ತಲೆ ಎತ್ತುತ್ತದೆ. ಯಾವ ದಿನಾಂಕವೂ ಇರುವುದಿಲ್ಲ, ಹಾಗಾಗಿ ‘ಇಂದು ರಾತ್ರಿ’ ಎಂಬುದು ಎಂದಿಗೂ ಹಳೆಯದಾಗುವುದೇ ಇಲ್ಲ.

ವಿಚಿತ್ರ ಏನೆಂದರೆ, ಬಾಹ್ಯಾಕಾಶದಿಂದ ಬಂದ ಕಿರಣಗಳ ಒಂದು ದೊಡ್ಡ ಹೊಡೆತ ನಿಜಕ್ಕೂ ಒಮ್ಮೆ ಇದೇ ಹೊತ್ತಿನಲ್ಲಿ ಭೂಮಿಗೆ ತಗುಲಿದೆ. 2004ರ ಡಿಸೆಂಬರ್ 28, ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ 3 ಗಂಟೆ. ಜಾಗತಿಕ ಸಮಯದ ಲೆಕ್ಕದಲ್ಲಿ ಅದು 27ರ ರಾತ್ರಿ 9.30. ಧನು ರಾಶಿಯ ದಿಕ್ಕಿನಲ್ಲಿ, ನಮ್ಮ ಕ್ಷೀರಪಥದ ಬಹುದೂರದ ಒಂದು ಮೂಲೆಯಲ್ಲಿರುವ ‘ಎಸ್‌ಜಿಆರ್ 1806-20’ ಎಂಬ ನಕ್ಷತ್ರ ಸಿಡಿದಿತ್ತು. ಅದರ ಗಾಮಾ ಕಿರಣಗಳು ಬಂದು ಬಡಿದಾಗ ಆಕಾಶದಲ್ಲಿದ್ದ ಬಹುತೇಕ ಉಪಗ್ರಹಗಳ ಅಳತೆಯ ಮುಳ್ಳು ಕೊನೆಯ ಗೆರೆ ದಾಟಿತು.

ನಮಗೆ ಯಾರಿಗಾದರೂ ಏನಾದರೂ ಆಯಿತೇ? ಇಲ್ಲ. ಭಾರತದಲ್ಲಿದ್ದವರಿಗಂತೂ ಆ ಕಿರಣಗಳು ನೇರವಾಗಿ ತಾಕಲೂ ಇಲ್ಲ. ಆ ದಿನ ನಮ್ಮಿಂದ ನೋಡಿದರೆ ಆ ನಕ್ಷತ್ರ ಸೂರ್ಯನ ಪಕ್ಕದಲ್ಲೇ, ಸುಮಾರು 5 ಡಿಗ್ರಿ ಅಂತರದಲ್ಲಿತ್ತು. ಅಂದರೆ ಎಲ್ಲಿ ಹಗಲೋ ಅಲ್ಲಿಗೆ ಮಾತ್ರ ಕಿರಣ. ನಮ್ಮಲ್ಲಿ ನಡುರಾತ್ರಿ ಕಳೆದಿತ್ತು; ನಮಗೂ ನಕ್ಷತ್ರಕ್ಕೂ ನಡುವೆ ಇಡೀ ಭೂಮಿಯೇ ಅಡ್ಡ ನಿಂತಿತ್ತು. ಹುಣ್ಣಿಮೆಯ ಮರುದಿನದ ರಾತ್ರಿ ಅದು. ಭೂಮಿಯ ಮರೆಯಲ್ಲಿದ್ದ ರಷ್ಯಾದ ಕೊರೊನಾಸ್-ಎಫ್ ಉಪಗ್ರಹಕ್ಕೆ ಕಂಡದ್ದು ನೇರ ಕಿರಣವಲ್ಲ, ಚಂದ್ರನಿಗೆ ಬಡಿದು ವಾಪಸು ಬಂದ ಪ್ರತಿಫಲನ. ಬೆಳದಿಂಗಳು ಬರುವ ಹಾಗೆಯೇ ಗಾಮಾ ಕಿರಣವೂ ಚಂದ್ರನಿಂದ ಬಂದಿತ್ತು!

ಈ ಸಿಡಿತದ ಬಗ್ಗೆ ಫಾರ್ವರ್ಡುಗಳಲ್ಲೂ ಯೂಟ್ಯೂಬಿನಲ್ಲೂ ಬೇಕಾದಷ್ಟು ಕಥೆಗಳಿವೆ. ಎಲ್ಲವೂ ಆ ಒಂದು ಕ್ಷಣದ ಮಿಂಚಿನ ಬಗ್ಗೆಯೇ. ವಿಜ್ಞಾನಿಗಳಿಗೆ ಹೆಚ್ಚು ಪ್ರಯೋಜನವಾಗುವುದು ಆಮೇಲಿನದು: ಮಿಂಚು ಮಾಯವಾದ ಮೇಲೂ ಗಂಟೆಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುವ ಮಂದವಾದ ಎಕ್ಸ್-ರೇ ಬೆಳಕು. ಇಂಗ್ಲಿಷಿನಲ್ಲಿ ಇದಕ್ಕೆ ‘ಆಫ್ಟರ್‌ಗ್ಲೋ’ ಎನ್ನುತ್ತಾರೆ. ನಾವಿಲ್ಲಿ ‘ಉಳಿಬೆಳಕು’ ಎಂದು ಕರೆಯೋಣ.

ಮೊದಲು, ಮ್ಯಾಗ್ನೆಟಾರ್ ಎಂದರೆ ಏನು?

ಸೂರ್ಯನಿಗಿಂತ ಬಹಳ ದೊಡ್ಡದಾದ ನಕ್ಷತ್ರ ಉರಿದು ಮುಗಿದಾಗ ಅದರ ತಿರುಳು ಕುಸಿದು ಗಟ್ಟಿಯಾಗುತ್ತದೆ. ಉಳಿಯುವುದು ಸುಮಾರು 20ರಿಂದ 24 ಕಿಲೋಮೀಟರ್ ಅಗಲದ ಒಂದು ಉಂಡೆ. ಅಗಲ ಒಂದು ದೊಡ್ಡ ನಗರದಷ್ಟು, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಅದರ ಒಂದು ಚಮಚ ದ್ರವ್ಯ ನೂರಾರು ಕೋಟಿ ಟನ್ ತೂಗುತ್ತದೆ. ಇದೇ ನ್ಯೂಟ್ರಾನ್ ನಕ್ಷತ್ರ. ಇಂಥ ಕೆಲವು ನಕ್ಷತ್ರಗಳ ಕಾಂತಶಕ್ತಿ ಊಹೆಗೆ ಮೀರಿದ್ದು. ಅವೇ ಮ್ಯಾಗ್ನೆಟಾರ್‌ಗಳು. ಇದುವರೆಗೆ ಸಿಕ್ಕಿರುವುದು ಸುಮಾರು 30 ಮಾತ್ರ.

ಎಷ್ಟು ಕಾಂತಶಕ್ತಿ? ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 15 ಸಾವಿರದಿಂದ 30 ಸಾವಿರ ಗಾಸ್; ಅಷ್ಟಕ್ಕೇ ಒಳಗೆ ಹೋಗುವ ಮುನ್ನ ಸರ, ಬಳೆ, ಕೀ ಎಲ್ಲ ತೆಗೆದಿಡಿ ಎನ್ನುತ್ತಾರೆ. ಮ್ಯಾಗ್ನೆಟಾರ್‌ನದ್ದು ಒಂದರ ಮುಂದೆ 14 ಅಥವಾ 15 ಸೊನ್ನೆ ಹಾಕಿದಷ್ಟು ಗಾಸ್. ರಾಬರ್ಟ್ ಡಂಕನ್ ಮತ್ತು ಕ್ರಿಸ್ಟೋಫರ್ ಥಾಂಪ್ಸನ್ 1992ರಲ್ಲಿ ಇಂಥ ನಕ್ಷತ್ರಗಳು ಇರಬಹುದು ಎಂದು ಲೆಕ್ಕ ಹಾಕಿ ಹೇಳಿದರು. 1998ರಲ್ಲಿ ಕ್ರಿಸಾ ಕೂವೆಲಿಯೋಟೂ ಮತ್ತು ಸಂಗಡಿಗರು ಮೇಲೆ ಹೇಳಿದ ಎಸ್‌ಜಿಆರ್ 1806-20 ಏಳೂವರೆ ಸೆಕೆಂಡಿಗೊಮ್ಮೆ ತಿರುಗುತ್ತಿದೆ, ತಿರುಗುವ ವೇಗ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿದೆ ಎಂದು ಅಳೆದು ಆ ಮಾತಿಗೆ ಸಾಕ್ಷ್ಯ ಕೊಟ್ಟರು. ಅಷ್ಟು ಬೇಗ ನಿಧಾನವಾಗಬೇಕಾದರೆ ಅಂಥ ಕಾಂತಕ್ಷೇತ್ರವೇ ಬ್ರೇಕ್ ಹಾಕುತ್ತಿರಬೇಕು.

ಮ್ಯಾಗ್ನೆಟಾರ್‌ನ ಹೊರಕವಚ ಸುಮಾರು ಒಂದು ಕಿಲೋಮೀಟರ್ ದಪ್ಪದ ಗಟ್ಟಿ ಪದರ. ಒಳಗಿನ ಕಾಂತಕ್ಷೇತ್ರ ಸುತ್ತಿಕೊಂಡು, ಹಿಂಡಿಕೊಂಡು ಈ ಕವಚವನ್ನು ಎಳೆಯುತ್ತಲೇ ಇರುತ್ತದೆ. ತಡೆಯುವಷ್ಟು ತಡೆದು ಒಂದು ದಿನ ಕವಚ ಬಿರಿಯುತ್ತದೆ ಅಥವಾ ಜಾರುತ್ತದೆ, ಹೊರಗಿನ ಕಾಂತರೇಖೆಗಳು ಕಡಿದು ಬೇರೆ ರೀತಿಯಲ್ಲಿ ಜೋಡಿಕೊಳ್ಳುತ್ತವೆ. ಆಗ ಸಿಡಿತ. ಚಿಕ್ಕವು ಸಾಮಾನ್ಯವಾಗಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು ಇರುತ್ತವೆ. 2020ರ ಏಪ್ರಿಲ್‌ನಲ್ಲಿ ಎಸ್‌ಜಿಆರ್ 1935+2154 ಎಂಬ ಮ್ಯಾಗ್ನೆಟಾರ್ ಸುಮಾರು 20 ನಿಮಿಷದಲ್ಲಿ 200ಕ್ಕೂ ಹೆಚ್ಚು ಸಲ ಸಿಡಿದದ್ದನ್ನು ನೈಸರ್ ದೂರದರ್ಶಕ ದಾಖಲಿಸಿತು, ದೀಪಾವಳಿಯ ಸರಪಟಾಕಿಯ ಹಾಗೆ. ಮಹಾಸಿಡಿತಗಳು ಮಾತ್ರ ಅಪರೂಪ. ನಮ್ಮ ಕ್ಷೀರಪಥ ಮತ್ತು ಅದರ ಪಕ್ಕದ ಪುಟ್ಟ ನಕ್ಷತ್ರಪುಂಜದಲ್ಲಿ ನಾವು ಕಂಡಿರುವುದು ಮೂರೇ ಮೂರು: 1979ರ ಮಾರ್ಚ್ 5, 1998ರ ಆಗಸ್ಟ್ 27, 2004ರ ಡಿಸೆಂಬರ್ 27.

ಮಿಂಚು ಕಾಲು ಸೆಕೆಂಡು, ಕಾವು ತಿಂಗಳುಗಟ್ಟಲೆ

2004ರ ಮಹಾಸಿಡಿತದ ಮೊದಲ ಮಿಂಚು ಇದ್ದದ್ದು ಸುಮಾರು 0.2 ಸೆಕೆಂಡು. ಆ ಕಣ್ಣು ಮಿಟುಕಿಸುವ ಹೊತ್ತಿನಲ್ಲಿ ಹೊರಬಿದ್ದ ಶಕ್ತಿ, ಸೂರ್ಯ ಸುಮಾರು ಒಂದು ಲಕ್ಷ ವರ್ಷದಲ್ಲಿ ಸೂಸುವಷ್ಟು. (ನಕ್ಷತ್ರದ ದೂರ ಎಷ್ಟೆಂದು ಇಟ್ಟುಕೊಳ್ಳುತ್ತೇವೆ ಎನ್ನುವುದರ ಮೇಲೆ ಈ ಅಂಕಿ ಏರಿಳಿಯುತ್ತದೆ. ಮೊದಲು 50,000 ಜ್ಯೋತಿರ್ವರ್ಷ ಎಂದು ಅಂದಾಜಿಸಿದ್ದರು, ಆಗ ಎರಡೂವರೆ ಲಕ್ಷ ವರ್ಷ ಎಂಬ ಲೆಕ್ಕ ಬಂತು. ಈಚಿನ ಅಂದಾಜು ಸುಮಾರು 28,000. ಎರಡೂ ಅಂಕಿಗಳನ್ನು ನೀವು ನೆಟ್ಟಿನಲ್ಲಿ ಕಂಡರೆ ಕಾರಣ ಇದೇ.)

ಆದರೆ ಆ ಮಿಂಚಿನಿಂದ ಕಲಿತದ್ದು ಕಡಿಮೆ. ಕ್ಯಾಮೆರಾವನ್ನು ಸೂರ್ಯನ ಕಡೆ ಹಿಡಿದರೆ ಚಿತ್ರವೆಲ್ಲ ಬೆಳ್ಳಗಾಗುವ ಹಾಗೆ ಹೆಚ್ಚಿನ ಉಪಕರಣಗಳು ಎಣಿಸಲಾರದೆ ಸೋತವು. ಹಿಂದಿನ ತಿಂಗಳಷ್ಟೇ ಮೇಲೇರಿ ಇನ್ನೂ ಪರೀಕ್ಷೆಯಲ್ಲಿದ್ದ ‘ಸ್ವಿಫ್ಟ್’ ಉಪಗ್ರಹ ಬೇರೆ ಕಡೆ ಮುಖ ಮಾಡಿತ್ತು; ಆದರೂ ಕಿರಣಗಳು ಅದರ ಪಕ್ಕದಿಂದ ತೂರಿಕೊಂಡು ಒಳಗಿನ ಉಪಕರಣವನ್ನು ಮುಟ್ಟಿದವು.

ಮಿಂಚಿನ ಹಿಂದೆ ಬಂದದ್ದು ಬಾಲ. ಸುಮಾರು 380 ಸೆಕೆಂಡು, ಅಂದರೆ ಆರು ನಿಮಿಷಕ್ಕೂ ಹೆಚ್ಚು. ಸಿಡಿತದಲ್ಲಿ ಹುಟ್ಟಿದ ಬೆಂಕಿಯುಂಡೆಯ ಒಂದು ಭಾಗ ಹಾರಿಹೋಗದೆ ಕಾಂತರೇಖೆಗಳ ಬಲೆಯಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಆವಿಯಾಗುತ್ತಿತ್ತು. ನಕ್ಷತ್ರ ತಿರುಗುತ್ತಿದ್ದುದರಿಂದ ಆ ಬೆಂಕಿಯುಂಡೆ ಏಳೂವರೆ ಸೆಕೆಂಡಿಗೊಮ್ಮೆ ನಮ್ಮೆದುರು ಬಂದು ಮರೆಯಾಗುತ್ತಿತ್ತು, ಲೈಟ್‌ಹೌಸಿನ ದೀಪದಂತೆ. ಇಂಥ ಸುಮಾರು 50 ಸುತ್ತುಗಳು ದಾಖಲಾಗಿವೆ. ಅದರೊಳಗೇ ಇನ್ನೂ ಸೂಕ್ಷ್ಮವಾದ ನಡುಕವಿತ್ತು, ಸೆಕೆಂಡಿಗೆ 18 ಸಲ, 30 ಸಲ, 92 ಸಲ. ಗಂಟೆ ಬಾರಿಸಿದ ಮೇಲೆ ಅದು ಗುಂಯ್ಗುಡುವ ಹಾಗೆ ನಕ್ಷತ್ರದ ಕವಚವೇ ನಡುಗುತ್ತಿತ್ತು ಎಂಬುದು ಹಲವರ ವಿವರಣೆ. ಗಂಟೆಯ ಸ್ವರ ಕೇಳಿ ಕಂಚೋ ಹಿತ್ತಾಳೆಯೋ ಎಂದು ಬಲ್ಲವರು ಹೇಳುವ ಹಾಗೆ, ಈ ನಡುಕದಿಂದ ನಕ್ಷತ್ರದ ಒಳಗು ಹೇಗಿದೆ ಎಂದು ಊಹಿಸುವ ಕೆಲಸ ಇನ್ನೂ ನಡೆದಿದೆ.

ಬಾಲವೂ ಮುಗಿಯಿತು. ಆಮೇಲೆ ಯುರೋಪಿನ ‘ಇಂಟೆಗ್ರಲ್’ ಉಪಗ್ರಹದ ದಾಖಲೆಯಲ್ಲಿ ಇನ್ನೊಂದು ಉಬ್ಬು ಕಂಡಿತು: ಸಿಡಿತದ ಸುಮಾರು 700 ಸೆಕೆಂಡುಗಳ ನಂತರ ಏರಿ, ಒಂದು ಗಂಟೆಯ ಹೊತ್ತು ಇಳಿಯುತ್ತಾ ಹೋದ ಗಡಸು ಎಕ್ಸ್-ರೇ. ಇದು ಸಣ್ಣ ಅವಧಿಯ ಉಳಿಬೆಳಕು.

ದೀರ್ಘಾವಧಿಯದು ಇನ್ನೂ ಸ್ವಾರಸ್ಯ. 1998ರ ಆಗಸ್ಟಿನಲ್ಲಿ ಎಸ್‌ಜಿಆರ್ 1900+14 ಸಿಡಿದ ಮೇಲೆ ಅದರ ಎಕ್ಸ್-ರೇ ಹೊಳಪು ಎಂದಿನ ಮಟ್ಟಕ್ಕೆ ಇಳಿಯಲು ಸುಮಾರು 40 ದಿನ ಹಿಡಿಯಿತು. ಇಳಿದ ರೀತಿಗೊಂದು ಲೆಕ್ಕವಿದೆ. ಕಾಲ ಹತ್ತು ಪಟ್ಟಾದರೆ ಬೆಳಕು ಸುಮಾರು ಐದರಲ್ಲೊಂದಕ್ಕೆ ಇಳಿಯುತ್ತದೆ. ಮೊದಲ ದಿನದ ಹೊಳಪು 100 ಎಂದಿಟ್ಟುಕೊಂಡರೆ ಹತ್ತನೇ ದಿನ 20. ಬಲ್ಬು ಆರಿದಂತೆ ಒಮ್ಮೆಲೇ ಅಲ್ಲ. ಮೊದಲು ಬೇಗ, ಆಮೇಲೆ ಎಳೆದೆಳೆದು.

ಮುದ್ದೆ ಏಕೆ ಬೇಗ ಆರುವುದಿಲ್ಲ?

ಇದನ್ನು ತಿಳಿಯಲು ತಟ್ಟೆಯಲ್ಲಿರುವ ರಾಗಿಮುದ್ದೆ ಸಾಕು. ಮೇಲ್ಮೈ ಮುಟ್ಟಿದರೆ ಆರಿದೆ ಅನಿಸುತ್ತದೆ; ಮುರಿದು ಬೆರಳಿಟ್ಟರೆ ಒಳಗೆ ಸುಡುತ್ತದೆ. ಒಳಗಿನ ಬಿಸಿ ಪದರ ಪದರ ದಾಟಿ ಹೊರಗೆ ಬರಬೇಕು. ಎಷ್ಟು ಆಳದಲ್ಲಿ ಬಿಸಿ ಇದೆಯೋ ಅಷ್ಟು ತಡ.

ಮ್ಯಾಗ್ನೆಟಾರ್‌ನ ಉಳಿಬೆಳಕಿಗೂ ಇದೇ ವಿವರಣೆ ಮೊದಲು ಬಂತು. ಸಿಡಿತದ ಹೊತ್ತಿನಲ್ಲಿ ಶಕ್ತಿಯ ಒಂದು ಪಾಲು ಹೊರಗೆ ಹಾರುತ್ತದೆ, ಇನ್ನೊಂದು ಪಾಲು ಕವಚದ ಒಳಗೇ ಬಿಸಿಯಾಗಿ ಉಳಿದು, ದಿನಗಳು, ವಾರಗಳಲ್ಲಿ ಮೇಲಕ್ಕೆ ಸೋರುತ್ತದೆ. ಮೇಲ್ಮೈ ಲಕ್ಷಾಂತರ, ಕೆಲವೆಡೆ ಕೋಟಿ ಡಿಗ್ರಿ ಬಿಸಿಯಾಗಿರುವುದರಿಂದ ಅದು ಸೂಸುವುದು ಕೆಂಪು ಬೆಳಕನ್ನಲ್ಲ, ಎಕ್ಸ್-ರೇಯನ್ನು. ಕುಲುಮೆಯ ಕಬ್ಬಿಣ ಮೊದಲು ಕೆಂಪು, ಬಿಸಿ ಏರಿದರೆ ಬಿಳಿ ಆಗುವುದನ್ನು ನೋಡಿದ್ದೀರಲ್ಲ? ಹಾಗೆಯೇ ಬಿಸಿ ಏರುತ್ತಾ ಹೋದರೆ ಬೆಳಕು ಕಣ್ಣಿಗೆ ಕಾಣದ ಎಕ್ಸ್-ರೇ ಕಡೆಗೆ ಸರಿಯುತ್ತದೆ. ಹಾಗಾಗಿ ಬೆಳಕು ಇಳಿಯುವ ವೇಗವನ್ನು ಅಳೆದರೆ ಬಿಸಿ ಎಷ್ಟು ಆಳದಲ್ಲಿ ಕೂತಿತ್ತು, ಕವಚ ಶಾಖವನ್ನು ಎಷ್ಟು ಚೆನ್ನಾಗಿ ಸಾಗಿಸುತ್ತದೆ ಎಂಬುದರ ಸುಳಿವು ಸಿಗುತ್ತದೆ. ಯಾರೂ ಹೋಗಲಾರದ, ಕೊರೆಯಲಾರದ ಜಾಗದ ಒಳಗನ್ನು ಹೀಗೆ ಓದುತ್ತಾರೆ.

ಕೇಳಲು ಅಚ್ಚುಕಟ್ಟಾಗಿದೆ. ಆದರೆ 2013ರಲ್ಲಿ ಒಂದು ನಕ್ಷತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ.

ಆ ವರ್ಷ ನಮ್ಮ ಕ್ಷೀರಪಥದ ನಟ್ಟನಡುವೆ ಇರುವ ದೈತ್ಯ ಕಪ್ಪುಕುಳಿಯ ಕಡೆ ಒಂದು ಅನಿಲಮೋಡ ಸಾಗುತ್ತಿತ್ತು. ಕಪ್ಪುಕುಳಿ ಅದನ್ನು ನುಂಗಿ ಬೆಳಗಬಹುದೇನೋ ಎಂದು ಖಗೋಳವಿಜ್ಞಾನಿಗಳು ಕಾಯುತ್ತಿದ್ದರು. ಏಪ್ರಿಲ್ 24ರಂದು ಸ್ವಿಫ್ಟ್‌ಗೆ ಆ ಜಾಗದಿಂದ ಎಕ್ಸ್-ರೇ ಬೆಳಕು ಕಂಡಿತು. ಇದೇ ಇರಬೇಕು ಎಂದು ಎಲ್ಲರೂ ಅಂದುಕೊಂಡರು. ಎರಡು ದಿನದಲ್ಲಿ ನುಸ್ಟಾರ್ ದೂರದರ್ಶಕ ನೋಡಿದರೆ ಆ ಬೆಳಕು 3.76 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಕಪ್ಪುಕುಳಿ ಹಾಗೆ ಮಿಡಿಯುವುದಿಲ್ಲ. ಅದರ ಅಂಗಳದಲ್ಲೇ, ಅದುವರೆಗೆ ಯಾರಿಗೂ ಗೊತ್ತಿರದ ಒಂದು ಮ್ಯಾಗ್ನೆಟಾರ್ ಎದ್ದು ಕೂತಿತ್ತು. ಹೆಸರು ಎಸ್‌ಜಿಆರ್ ಜೆ1745-2900.

ಇದರ ಉಳಿಬೆಳಕನ್ನು ಚಂದ್ರಾ ಎಕ್ಸ್-ರೇ ದೂರದರ್ಶಕ (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನದು) ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿತು. ನಕ್ಷತ್ರದ ಮೇಲೆ ಕೆಲವೇ ಕಿಲೋಮೀಟರ್ ಅಗಲದ ಒಂದು ಬಿಸಿ ಮಚ್ಚೆ, ಅದರ ಉಷ್ಣತೆ ಸುಮಾರು ಒಂದು ಕೋಟಿ ಡಿಗ್ರಿ. ಮಚ್ಚೆ ನಿಧಾನವಾಗಿ ಕುಗ್ಗುತ್ತಿತ್ತು. ಆದರೆ ಅದರ ಬಿಸಿ ಇಳಿಯಬೇಕಾದಷ್ಟು ಬೇಗ ಇಳಿಯಲಿಲ್ಲ. ಒಂದೂವರೆ ವರ್ಷ ಕಳೆದರೂ ಮುದ್ದೆ ಇನ್ನೂ ಸುಡುತ್ತಿತ್ತು. ಬರೀ ಒಳಗಿನ ಬಿಸಿ ಸೋರುತ್ತಿದೆ ಎಂದರೆ ಲೆಕ್ಕ ಕೂಡಲಿಲ್ಲ.

ಹಾಗಾದರೆ ಯಾರೋ ಕೆಳಗೆ ಉರಿ ಹಾಕುತ್ತಲೇ ಇದ್ದಾರೆ, ಅಥವಾ ಮೇಲಿನಿಂದ. ಎರಡನೇ ವಿವರಣೆ ಹೀಗೆ: ಸಿಡಿತದಲ್ಲಿ ಹೊರಗಿನ ಕಾಂತರೇಖೆಗಳ ಒಂದು ಕಟ್ಟು ಹಗ್ಗದಂತೆ ಹುರಿಗೊಂಡಿರುತ್ತದೆ. ಆ ಹುರಿಯ ಉದ್ದಕ್ಕೂ ವಿದ್ಯುತ್ ಹರಿಯುತ್ತದೆ. ಕಣಗಳು ವೇಗವಾಗಿ ಬಂದು ಹಗ್ಗದ ಬುಡಕ್ಕೆ, ಅಂದರೆ ನಕ್ಷತ್ರದ ಮೇಲ್ಮೈಗೆ ಬಡಿಯುತ್ತವೆ. ಬಡಿದ ಜಾಗ ಕಾಯುತ್ತದೆ. ಹುರಿ ಬಿಚ್ಚಿಕೊಳ್ಳುತ್ತಾ ಬಂದ ಹಾಗೆ ಬಡಿತದ ಜಾಗ ಕಿರಿದಾಗುತ್ತದೆ, ಮಚ್ಚೆ ಕುಗ್ಗುತ್ತದೆ. 2013ರ ಮಚ್ಚೆ ಕುಗ್ಗಿದ ರೀತಿಗೆ ಇದು ಚೆನ್ನಾಗಿ ಹೊಂದುತ್ತದೆ. ನಮಗೆ ಕಾಣುವಂತೆ ಎರಡರಲ್ಲಿ ಒಂದೇ ಸರಿ ಎಂದು ಹಟ ಹಿಡಿಯುವ ಅಗತ್ಯವಿಲ್ಲ. ಕೆಲವು ನಕ್ಷತ್ರಗಳಲ್ಲಿ ಒಳಬಿಸಿ ಮೇಲುಗೈ, ಕೆಲವದರಲ್ಲಿ ಹೊರಬಡಿತ. ಬಹುಶಃ ಹಲವದರಲ್ಲಿ ಎರಡೂ.

ಉಳಿಬೆಳಕಿನಂತೆ ಕಂಡು ಮೋಸ ಮಾಡುವ ಇನ್ನೊಂದಿದೆ. 2009ರ ಜನವರಿ 22ರಂದು 1ಇ 1547.0-5408 ಎಂಬ ಮ್ಯಾಗ್ನೆಟಾರ್ ಸಿಡಿದ ಮೇಲೆ ಅದರ ಸುತ್ತ ಮೂರು ಎಕ್ಸ್-ರೇ ಉಂಗುರಗಳು ಕಂಡವು, ದಿನ ದಿನಕ್ಕೂ ದೊಡ್ಡದಾಗುತ್ತಾ. ಕೊಳಕ್ಕೆ ಕಲ್ಲು ಹಾಕಿದಾಗಿನ ಅಲೆಗಳಂತೆ. ಚಿತ್ರ ನೋಡಿದರೆ ಏನೋ ಹೊರಗೆ ಚಿಮ್ಮುತ್ತಿದೆ ಎನಿಸುತ್ತದೆ. ಆದರೆ ಅಲ್ಲಿ ಏನೂ ಚಿಮ್ಮುತ್ತಿರಲಿಲ್ಲ. ದಾರಿಯ ನಡುವೆ ಇರುವ ದೂಳಿನ ಮೋಡಗಳಿಗೆ ತಾಗಿ ಸ್ವಲ್ಪ ಓರೆಯಾಗಿ ಬಂದ ಕಿರಣಗಳು ಸುತ್ತುದಾರಿ ಹಿಡಿದು ತಡವಾಗಿ ತಲುಪಿದವು, ಅಷ್ಟೇ. ಆದರೆ ಎಷ್ಟು ಓರೆ, ಎಷ್ಟು ತಡ ಎಂದು ಅಳೆದರೆ ನಕ್ಷತ್ರ ಎಷ್ಟು ದೂರ ಎಂಬುದೂ ಸಿಗುತ್ತದೆ: ಸುಮಾರು 13,000 ಜ್ಯೋತಿರ್ವರ್ಷ.

ಸುನಾಮಿಗೂ ಇದಕ್ಕೂ ನಂಟಿದೆಯೇ?

ಈಗ ಆ ಫಾರ್ವರ್ಡು. 2004ರ ಡಿಸೆಂಬರ್ 26ರ ಸುನಾಮಿ, 27ರ ಮಹಾಸಿಡಿತ. ಒಂದರ ಪಕ್ಕ ಒಂದು ದಿನಾಂಕ ಇಟ್ಟರೆ ಮನಸ್ಸು ತಾನೇ ಗಂಟು ಹಾಕುತ್ತದೆ. ‘ನಕ್ಷತ್ರ ಸಿಡಿದದ್ದರಿಂದಲೇ ಸುನಾಮಿ ಬಂತು, ವಿಜ್ಞಾನಿಗಳು ಮುಚ್ಚಿಟ್ಟರು’ ಎಂಬ ವಾದ ಹಲವು ವರ್ಷಗಳಿಂದ ಸುತ್ತುತ್ತಿದೆ. ಎರಡು ಲಕ್ಷಕ್ಕೂ ಹೆಚ್ಚು ಜನ, ನಮ್ಮ ದೇಶದಲ್ಲೇ ಹತ್ತು ಸಾವಿರಕ್ಕೂ ಮೇಲ್ಪಟ್ಟು ಜನ ಸತ್ತ ದುರಂತ ಅದು. ಕಾರಣ ಹುಡುಕುವವರನ್ನು ಗೇಲಿ ಮಾಡುವುದು ತಪ್ಪು. ಗಡಿಯಾರ ನೋಡೋಣ.

ಸುಮಾತ್ರಾ ಕರಾವಳಿಯ ಭೂಕಂಪ ನಡೆದದ್ದು ಡಿಸೆಂಬರ್ 26, ನಮ್ಮ ಸಮಯ ಬೆಳಗ್ಗೆ 6.28. ಸಿಡಿತದ ಕಿರಣ ತಲುಪಿದ್ದು ಡಿಸೆಂಬರ್ 28, ಬೆಳಗಿನ ಜಾವ 3.00. ಅಂದರೆ ಭೂಕಂಪ ಆಗಿ 44 ಗಂಟೆ 31 ನಿಮಿಷ ಆದ ಮೇಲೆ ಕಿರಣ ಬಂತು. ಕಾರಣ ಬರುವ ಮುಂಚೆಯೇ ಪರಿಣಾಮ ಆಗಿಬಿಡುವುದಿಲ್ಲ.

ಇದಕ್ಕೂ ಒಂದು ಜಾಣ ಉತ್ತರ ಸಿದ್ಧವಿದೆ: ‘ಬೆಳಕಿಗಿಂತ ಮುಂಚೆ ಗುರುತ್ವದ ಅಲೆ ಬಂತು, ಅದು ಭೂಮಿಯನ್ನು ಅಲುಗಾಡಿಸಿತು.’ ಗುರುತ್ವದ ಅಲೆ ಬೆಳಕಿನ ವೇಗದಲ್ಲೇ ಓಡುತ್ತದೆ ಎಂಬುದನ್ನು 2017ರ ಆಗಸ್ಟ್ 17ರಂದು ನೇರವಾಗಿ ಅಳೆದಿದ್ದೇವೆ. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಗುರುತ್ವದ ಅಲೆ ಮತ್ತು ಗಾಮಾ ಕಿರಣ ನಮ್ಮನ್ನು ತಲುಪಿದ್ದರ ನಡುವಿನ ಅಂತರ 1.7 ಸೆಕೆಂಡು. ಹದಿಮೂರು ಕೋಟಿ ವರ್ಷದ ಓಟದಲ್ಲಿ ಎರಡು ಸೆಕೆಂಡೂ ವ್ಯತ್ಯಾಸವಾಗದಿದ್ದರೆ, 28 ಸಾವಿರ ವರ್ಷದ ಓಟದಲ್ಲಿ 44 ಗಂಟೆ ಎಲ್ಲಿಂದ ಬರಬೇಕು? 2004ರ ಸಿಡಿತದ ಹೊತ್ತಿನಲ್ಲಿ ಅಮೆರಿಕದ ಹ್ಯಾನ್‌ಫರ್ಡ್‌ನ ಲೈಗೋ ಯಂತ್ರವೂ ಚಾಲೂ ಇತ್ತು. ಅದರ ದಾಖಲೆಯಲ್ಲಿ ಗುರುತ್ವದ ಅಲೆಯ ಗುರುತು ಸಿಗಲಿಲ್ಲ.

ಶಕ್ತಿಯ ಲೆಕ್ಕವನ್ನೂ ಹಾಕಿಬಿಡೋಣ. ಆ ಸಿಡಿತ ಭೂಮಿಯ ಹತ್ತಿರ ಪ್ರತಿ ಚದರ ಮೀಟರಿಗೆ ತಂದು ಸುರಿದ ಶಕ್ತಿ ಸುಮಾರು ಒಂದು ಮಿಲಿಜೂಲ್. ವಾಯುಮಂಡಲದ ಆಚೆ ಸೂರ್ಯನ ಬೆಳಕು ಪ್ರತಿ ಸೆಕೆಂಡಿಗೆ ಸುರಿಯುವುದು ಸುಮಾರು 1,360 ಜೂಲ್. ಅಂದರೆ ಇಡೀ ಮಹಾಸಿಡಿತ ಕೊಟ್ಟಷ್ಟು ಶಕ್ತಿಯನ್ನು ಸೂರ್ಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದೊಳಗೆ ಕೊಟ್ಟು ಮುಗಿಸುತ್ತಾನೆ. ಇಡೀ ಭೂಗೋಳಕ್ಕೆ ಬಿದ್ದದ್ದನ್ನು ಒಟ್ಟು ಮಾಡಿದರೂ 9.1 ತೀವ್ರತೆಯ ಆ ಭೂಕಂಪ ಅಲೆಗಳಾಗಿ ಹರಡಿದ ಶಕ್ತಿಯ ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಭೂಕಂಪಕ್ಕೆ ಕಾರಣ ನಮ್ಮ ಕಾಲ ಕೆಳಗೇ ಇತ್ತು: ಭಾರತದ ಶಿಲಾಫಲಕ ಬರ್ಮಾ ಫಲಕದ ಅಡಿಗೆ ತೂರುತ್ತಾ ಶತಮಾನಗಳಿಂದ ಕೂಡಿಟ್ಟ ಬಿಗಿತ ಸುಮಾರು 1,300 ಕಿಲೋಮೀಟರ್ ಉದ್ದಕ್ಕೂ ಒಡೆಯಿತು.

ಎಕ್ಸ್-ರೇ ಎಂದರೆ ಅಪಾಯ ಅಲ್ಲವೇ?

ಎಕ್ಸ್-ರೇ ಎಂದ ಕೂಡಲೇ ಸ್ಕ್ಯಾನಿಂಗ್ ಸೆಂಟರಿನ ‘ಗರ್ಭಿಣಿಯರು ಮೊದಲೇ ತಿಳಿಸಿ’ ಎಂಬ ಬೋರ್ಡು ಕಣ್ಣಿಗೆ ಬರುತ್ತದೆ. ಸಹಜ. ಆದರೆ ನಮ್ಮ ತಲೆಯ ಮೇಲಿನ ಗಾಳಿಯ ಕಂಬವನ್ನೆಲ್ಲ ತೂಗಿದರೆ ಅದು ಸುಮಾರು 10 ಮೀಟರ್ ಆಳದ ನೀರಿಗೆ ಸಮ. ಬಾಹ್ಯಾಕಾಶದ ಎಕ್ಸ್-ರೇ ಅದನ್ನು ದಾಟಿ ನೆಲ ಮುಟ್ಟುವುದಿಲ್ಲ. ಅದಕ್ಕೇ ಎಕ್ಸ್-ರೇ ದೂರದರ್ಶಕಗಳನ್ನು ಬೆಟ್ಟದ ಮೇಲೆ ಕಟ್ಟದೆ ಉಪಗ್ರಹದಲ್ಲಿ ಕಳಿಸುವುದು. 2015ರ ಸೆಪ್ಟೆಂಬರಿನಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್, 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಎರಡೂ ಈ ಕಾರಣಕ್ಕೇ ಮೇಲಿರುವುದು. ಎಕ್ಸ್‌ಪೋಸ್ಯಾಟ್‌ನ ಮುಖ್ಯ ಉಪಕರಣ ‘ಪೋಲಿಕ್ಸ್’ ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಹಾಗೆಂದು ಭೂಮಿಗೆ ಏನೇನೂ ತಟ್ಟಲಿಲ್ಲ ಎಂದರೂ ಸುಳ್ಳಾಗುತ್ತದೆ. 1998ರ ಸಿಡಿತದ ಹೊತ್ತಿಗೆ ಶಾಂತಸಾಗರದ ಮೇಲೆ ರಾತ್ರಿ. ಮೇಲಿನ ವಾಯುಮಂಡಲದ ವಿದ್ಯುತ್ ಪದರ, ಅಂದರೆ ಅಯಾನುಗೋಳ, ರಾತ್ರಿ ಸುಮಾರು 85 ಕಿಲೋಮೀಟರ್ ಎತ್ತರದಲ್ಲಿ ಇರುತ್ತದೆ. ಅಂದು ಐದು ನಿಮಿಷದಷ್ಟು ಹೊತ್ತು ಹಗಲಿನ ಹಾಗೆ 60 ಕಿಲೋಮೀಟರಿಗೆ ಇಳಿದು, ಮತ್ತೆ ಮೊದಲಿನಂತಾಯಿತು. ಅತಿ ಕಡಿಮೆ ಕಂಪನದ ರೇಡಿಯೋ ಸಂಕೇತಗಳಲ್ಲಿ ಈ ಏರುಪೇರು ದಾಖಲಾಯಿತು. ಒಂದೆರಡು ಬಾಹ್ಯಾಕಾಶ ನೌಕೆಗಳ ಉಪಕರಣಗಳು ತಮ್ಮ ರಕ್ಷಣೆಗೆ ತಾವೇ ಬಂದ್ ಆದವು. ನೆಲದ ಮೇಲೆ ನಿಂತವರಿಗೆ ಏನೂ ಗೊತ್ತಾಗಲಿಲ್ಲ. ಇದೆಲ್ಲ ಮೊದಲ ಮಿಂಚಿನ ಪರಿಣಾಮ. ಉಳಿಬೆಳಕು ಇದರ ಮುಂದೆ ಎಷ್ಟೋ ಪಾಲು ಮಂಕು, ಅದನ್ನು ಹಿಡಿಯಲು ಒಳ್ಳೆಯ ದೂರದರ್ಶಕವೇ ಬೇಕು.

‘ಮ್ಯಾಗ್ನೆಟಾರ್ ನಿಮ್ಮ ಎಟಿಎಂ ಕಾರ್ಡಿನ ಪಟ್ಟಿ ಅಳಿಸಿಬಿಡುತ್ತದೆ’ ಎಂಬ ಪೋಸ್ಟಿನಲ್ಲಿ ಅರ್ಧ ನಿಜವಿದೆ. ಅದು ಚಂದ್ರನ ದೂರದ ಅರ್ಧದಷ್ಟು ಹತ್ತಿರ ಬಂದರೆ ಎಂಬ ಮಾತನ್ನು ಫಾರ್ವರ್ಡು ಮಾಡುವವರು ಬಿಟ್ಟುಬಿಡುತ್ತಾರೆ. ಕಾಂತದ ಪ್ರಭಾವ ದೂರ ಎರಡು ಪಟ್ಟಾದರೆ ಎಂಟರಲ್ಲೊಂದಕ್ಕೆ ಇಳಿಯುತ್ತದೆ. ಸೂರ್ಯ ಇರುವ ಜಾಗದಲ್ಲಿ ಒಂದು ಮ್ಯಾಗ್ನೆಟಾರ್ ಇಟ್ಟರೂ ಇಲ್ಲಿಗೆ ತಲುಪುವ ಅದರ ಕಾಂತಕ್ಷೇತ್ರ ಭೂಮಿಯದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ದುರ್ಬಲ. ನಿಜವಾದ ಮ್ಯಾಗ್ನೆಟಾರ್‌ಗಳು ಸಾವಿರಾರು ಜ್ಯೋತಿರ್ವರ್ಷ ಆಚೆ ಇವೆ.

ಇನ್ನು ‘ಇಂದು ರಾತ್ರಿ ಕಿರಣ ಬರಲಿದೆ’ ಎಂಬ ಮುನ್ಸೂಚನೆ. ಮ್ಯಾಗ್ನೆಟಾರ್‌ನ ಗಾಮಾ ಕಿರಣ, ಎಕ್ಸ್-ರೇ ಎರಡೂ ಬೆಳಕೇ. ಅವು ಹೊರಟಿವೆ ಎಂಬ ಸುದ್ದಿ ತರಬೇಕಾದುದೂ ಬೆಳಕೇ. ಸುದ್ದಿ ಮತ್ತು ಕಿರಣ ಒಟ್ಟಿಗೇ ಬಂದಿಳಿಯುತ್ತವೆ. ಬೆಳಕಿಗಿಂತ ಮುಂಚೆ ಓಡಿ ಬಂದು ಸಿಂಗಪುರದ ಟಿವಿಗೆ ಹೇಳುವವರು ಯಾರೂ ಇಲ್ಲ. ಹಾಗಾಗಿ ಸಿಡಿತದ ಬಗ್ಗೆ ನಿಜವಾದ ಸುದ್ದಿ ಯಾವತ್ತೂ ‘ಬಂತು’ ಎಂದಿರುತ್ತದೆ, ‘ಬರಲಿದೆ’ ಎಂದಿರುವುದಿಲ್ಲ. ನಕ್ಷತ್ರದ ಹೆಸರು, ದಿನಾಂಕ, ಕಂಡ ಉಪಗ್ರಹದ ಹೆಸರು ಇರುತ್ತದೆ. ಮೊಬೈಲ್ ಆಫ್ ಮಾಡುವ ಮಾತಂತೂ ಇರುವುದೇ ಇಲ್ಲ. ಮೊಬೈಲಿಗೆ ಗಾಮಾ ಕಿರಣವನ್ನು ಎಳೆದುಕೊಳ್ಳುವ ಗುಣವಿಲ್ಲ.

ಹುಬ್ಬಳ್ಳಿಯಲ್ಲಿ ಬೆಳೆದ ಒಬ್ಬರು

ಉಳಿಬೆಳಕು ಎಕ್ಸ್-ರೇಯಲ್ಲಿ ಮಾತ್ರ ಇರುವುದಿಲ್ಲ. ಸಿಡಿತದಲ್ಲಿ ಹೊರಕ್ಕೆ ಎಸೆದ ದ್ರವ್ಯ ಸುತ್ತಲಿನ ಅನಿಲಕ್ಕೆ ಗುದ್ದಿ ರೇಡಿಯೋ ಬೆಳಕನ್ನೂ ಹುಟ್ಟಿಸುತ್ತದೆ. 1998ರ ಸಿಡಿತದ ನಂತರ ಇದನ್ನು ಗುರುತಿಸಿದ ಮೂವರಲ್ಲಿ ಒಬ್ಬರು ಶ್ರೀನಿವಾಸ ಕುಲಕರ್ಣಿ. ಹುಬ್ಬಳ್ಳಿಯಲ್ಲಿ ಬೆಳೆದು ಅಲ್ಲೇ ಶಾಲೆ ಓದಿ, ಈಗ ಅಮೆರಿಕದ ಕ್ಯಾಲ್ಟೆಕ್‌ನಲ್ಲಿರುವವರು, 2024ರ ಶಾ ಪ್ರಶಸ್ತಿ ಪಡೆದವರು. (ಸುಧಾ ಮೂರ್ತಿ ಅವರ ತಮ್ಮ ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ, ಅವರ ಕೆಲಸ ಅದಕ್ಕಿಂತ ಹೆಚ್ಚು ಗೊತ್ತಾಗಬೇಕಾದದ್ದು ಎಂದು ನಮ್ಮ ಅನಿಸಿಕೆ.) 2004ರ ಸಿಡಿತದ ರೇಡಿಯೋ ಉಳಿಬೆಳಕನ್ನು ಅಳೆದ ತಂಡದಲ್ಲೂ ಅವರಿದ್ದರು. ಆ ಅಳತೆಗೆ ಪುಣೆ ಜಿಲ್ಲೆಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೋ ದೂರದರ್ಶಕವೂ ದುಡಿಯಿತು. 50,000 ಜ್ಯೋತಿರ್ವರ್ಷ ಎಂಬ ಮೊದಲಿನ ದೂರವನ್ನು ಕಡಿಮೆ ಮಾಡಬೇಕು ಎಂಬ ವಾದಕ್ಕೆ ಬಲ ಬಂದದ್ದು ಆ ಉಳಿಬೆಳಕಿನಿಂದಲೇ.

ಕಾಣದಿದ್ದದ್ದೂ ಒಂದು ಉತ್ತರ

2023ರ ನವೆಂಬರ್ 15ರಂದು ಇಂಟೆಗ್ರಲ್ ಉಪಗ್ರಹಕ್ಕೆ ಸೆಕೆಂಡಿಗಿಂತ ಕಡಿಮೆ ಹೊತ್ತಿನ ಒಂದು ಗಾಮಾ ಮಿಂಚು ಕಂಡಿತು. ಬಂದದ್ದು ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಎಂ82 ನಕ್ಷತ್ರಪುಂಜದ ಕಡೆಯಿಂದ. ಮಿಂಚಿಗೆ ಎರಡು ಕಾರಣ ಇರಬಹುದಿತ್ತು. ಒಂದು, ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ. ಇನ್ನೊಂದು, ಅಲ್ಲಿನ ಯಾವುದೋ ಮ್ಯಾಗ್ನೆಟಾರ್‌ನ ಮಹಾಸಿಡಿತ. ಮಿಂಚನ್ನು ಮಾತ್ರ ನೋಡಿದರೆ ಎರಡೂ ಹೆಚ್ಚು ಕಡಿಮೆ ಒಂದೇ ತರಹ.

ಎಚ್ಚರಿಕೆಯ ಸಂದೇಶ 13 ಸೆಕೆಂಡಿನಲ್ಲಿ ಲೋಕದ ಖಗೋಳವಿಜ್ಞಾನಿಗಳಿಗೆಲ್ಲ ಹೋಯಿತು. ಒಂದು ದಿನ ಕಳೆಯುವುದರೊಳಗೆ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕ ಆ ಕಡೆ ತಿರುಗಿತು. ಅಷ್ಟು ಹತ್ತಿರದಲ್ಲಿ ಡಿಕ್ಕಿಯಾಗಿದ್ದರೆ ಎಕ್ಸ್-ರೇ ಉಳಿಬೆಳಕು ಧಾರಾಳವಾಗಿ ಕಾಣಬೇಕಿತ್ತು, ಗುರುತ್ವದ ಅಲೆಯೂ ಸಿಗಬೇಕಿತ್ತು. ಎರಡೂ ಇರಲಿಲ್ಲ. ಮ್ಯಾಗ್ನೆಟಾರ್‌ನ ಉಳಿಬೆಳಕು ನಾವು ನೋಡಿದ ಹಾಗೆ ಮಂದವಾದದ್ದು, ಅಷ್ಟು ದೂರದಿಂದ ಕಾಣುವಂಥದ್ದಲ್ಲ. ಹಾಗಾಗಿ ಅಲ್ಲಿ ಸಿಡಿದದ್ದು ಮ್ಯಾಗ್ನೆಟಾರ್ ಎಂಬ ತೀರ್ಮಾನಕ್ಕೆ ಬಂದರು. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಅದರ ವಿವರ ಪ್ರಕಟವಾಯಿತು.